ಕ್ಲ್ಯಾಂಪ್ ತೆಗೆದ ಮೇಲಿನ ಹತ್ತು ನಿಮಿಷ

ಓಟಿಯಲ್ಲಿ ನಾನು ಕೂರುವ ಜಾಗದಿಂದ ರೋಗಿಯ ಮುಖ ಕಾಣುವುದಿಲ್ಲ. ಹೃದಯವೂ ಪೂರ್ತಿ ಕಾಣುವುದಿಲ್ಲ, ಸರ್ಜನ್ ಬೆನ್ನು ಅಡ್ಡ ಇರುತ್ತದೆ. ನನ್ನೆದುರು ಇರುವುದು ಪಂಪು, ಅದರ ಟ್ಯೂಬುಗಳಲ್ಲಿ ಓಡುವ ರಕ್ತ, ಮಾನಿಟರ್ ಮೇಲಿನ ಗೆರೆಗಳು, ಮತ್ತೆ ಒಂದು ಗಡಿಯಾರ. ನಾನು ಪರ್ಫ್ಯೂಷನಿಸ್ಟ್. ಹಾರ್ಟ್-ಲಂಗ್ ಮೆಷಿನ್ ನಡೆಸುವವಳು. ಮದುವೆ ಮನೆಯಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿದರೆ, "ಆಪರೇಷನ್ ಮುಗಿಯೋ ತನಕ ಹೃದಯದ ಕೆಲಸ ನಾನು ಮಾಡ್ತೀನಿ" ಅನ್ನುತ್ತೇನೆ. ಅರ್ಧ ಜನ ನಂಬುವುದಿಲ್ಲ. ನಂಬಿದವರು ಕೇಳುವ ಮುಂದಿನ ಪ್ರಶ್ನೆ ಒಂದೇ: "ಹೃದಯ ನಿಲ್ಲಿಸ್ತೀರಲ್ಲ, ಭಯ ಆಗಲ್ವಾ?"

ನಿಲ್ಲಿಸುವಾಗ ಭಯ ಆಗುವುದಿಲ್ಲ. ನಿಲ್ಲಿಸುವುದು ಸುಲಭ. ತಣ್ಣಗಿನ ಪೊಟ್ಯಾಸಿಯಂ ದ್ರಾವಣ ಹೃದಯದ ರಕ್ತನಾಳಗಳಿಗೆ ಇಳಿದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಇಸಿಜಿ ಗೆರೆ ಚಪ್ಪಟೆಯಾಗುತ್ತದೆ. ನನ್ನ ಎದೆ ಇವತ್ತಿಗೂ ಡವಗುಟ್ಟುವುದು ಎಲ್ಲ ಮುಗಿದು ಸರ್ಜನ್ "ಕ್ಲ್ಯಾಂಪ್ ಆಫ್" ಅಂದಾಗ. ಅಂದರೆ ಒಂದೂವರೆ ಗಂಟೆ ರಕ್ತ ಕಾಣದೆ ಮಲಗಿದ್ದ ಹೃದಯಕ್ಕೆ ರಕ್ತ ವಾಪಸ್ ಬಿಡುವ ಹೊತ್ತಿನಲ್ಲಿ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ರಕ್ತ ಬಂತು ಅಂದರೆ ಜೀವ ಬಂತು ಅಂತ ತಾನೇ ಲೆಕ್ಕ? ನಾನೂ ಓದುವಾಗ ಹಾಗೇ ಅಂದುಕೊಂಡಿದ್ದೆ. ಬಿಎಸ್ಸಿ ಪರ್ಫ್ಯೂಷನ್ ಪರೀಕ್ಷೆಗೆ "ರೀಪರ್ಫ್ಯೂಷನ್ ಇಂಜುರಿ", ಅಂದರೆ ರಕ್ತ ವಾಪಸ್ ಬಂದಾಗ ಆಗುವ ಪೆಟ್ಟು, ಅನ್ನುವ ಐದು ಮಾರ್ಕಿನ ಉತ್ತರವನ್ನು ಬಾಯಿಪಾಠ ಮಾಡಿದ್ದೆ. ಬರೆದೆ, ಮಾರ್ಕೂ ಬಂತು. ಅರ್ಥ ಆಗಿದ್ದು ಕೆಲಸಕ್ಕೆ ಸೇರಿದ ಮೂರನೇ ವರ್ಷ, ನನ್ನದೇ ಕೈಯಿಂದ ಆದ ಎಡವಟ್ಟಿನಿಂದ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ದಿನದ ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಾಗಬೇಕು.

ಕವಾಟ ಬದಲಿಸುವುದಾಗಲಿ, ಹೃದಯದ ಒಳಗಿನ ತೂತು ಮುಚ್ಚುವುದಾಗಲಿ, ಹೃದಯವನ್ನು ತೆರೆದು ಒಳಗೆ ಹೊಲಿಯಬೇಕು. ಅದು ಬಡಿಯುತ್ತಾ ರಕ್ತ ತುಂಬಿಕೊಂಡಿದ್ದರೆ ಸೂಜಿ ಹಾಕುವುದು ಹೇಗೆ? ಅದಕ್ಕೆ ದೇಹಕ್ಕೆ ಬೇಕಾದ ರಕ್ತವನ್ನು ನನ್ನ ಮೆಷಿನ್ ಕಳಿಸುತ್ತದೆ. ಹೃದಯದಿಂದ ಹೊರಡುವ ದೊಡ್ಡ ನಾಳ ಅಯೋರ್ಟಾಕ್ಕೆ ಸರ್ಜನ್ ಅಡ್ಡಲಾಗಿ ಒಂದು ಕ್ಲ್ಯಾಂಪ್ ಹಾಕುತ್ತಾರೆ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊರೋನರಿ ನಾಳಗಳು ಅಯೋರ್ಟಾದ ಬುಡದಲ್ಲಿ, ಈ ಕ್ಲ್ಯಾಂಪಿನ ಒಳಬದಿಯಲ್ಲಿ ಹುಟ್ಟುತ್ತವೆ. ಹಾಗಾಗಿ ಕ್ಲ್ಯಾಂಪ್ ಬಿದ್ದ ಕ್ಷಣದಿಂದ ಇಡೀ ದೇಹಕ್ಕೆ ರಕ್ತ ಇದೆ, ಹೃದಯಕ್ಕೆ ಮಾತ್ರ ಇಲ್ಲ. ನಾನು ಗಡಿಯಾರ ಒತ್ತುತ್ತೇನೆ. ಹೃದಯದ ಉಪವಾಸ ಶುರು.

ಉಪವಾಸ ತಡೆಯಬೇಕಾದರೆ ಖರ್ಚು ಇಳಿಸಬೇಕು, ಅಲ್ವಾ? ದುಡಿಯುವ ಹೃದಯ ನಿಮಿಷಕ್ಕೆ ಪ್ರತಿ 100 ಗ್ರಾಂ ಸ್ನಾಯುವಿಗೆ 8ರಿಂದ 10 ಮಿಲಿ ಆಕ್ಸಿಜನ್ ತಿನ್ನುತ್ತದೆ. ಪೊಟ್ಯಾಸಿಯಂ ಕೊಟ್ಟು ನಿಲ್ಲಿಸಿದರೆ ಅದು ಸುಮಾರು 1 ಮಿಲಿಗೆ ಇಳಿಯುತ್ತದೆ. ಮೇಲಿಂದ 22 ಡಿಗ್ರಿಗೆ ತಣಿಸಿದರೆ 0.3ರ ಆಸುಪಾಸು. ನೋಡಿ, ದೊಡ್ಡ ಉಳಿತಾಯ ಆಗುವುದು ನಿಲ್ಲಿಸುವುದರಿಂದ. ಐಸ್ ಆಮೇಲಿನದು. ಹೊಸಬರು ಐಸ್ ಐಸ್ ಅಂತ ಒದ್ದಾಡುತ್ತಾರೆ. ಹೃದಯದ ಮೇಲೆ ಸುಮ್ನೆ ಐಸ್ ಪುಡಿ ಸುರಿದರೆ ಪಕ್ಕದಲ್ಲೇ ಹಾದುಹೋಗುವ ಫ್ರೆನಿಕ್ ನರಕ್ಕೆ ಪೆಟ್ಟಾಗಿ ಉಸಿರಾಟದ ಪರದೆ ಕೆಲಸ ನಿಲ್ಲಿಸಬಹುದು. ನಮ್ಮಲ್ಲಿ ಅದನ್ನು ಬಹಳ ಮಟ್ಟಿಗೆ ಬಿಟ್ಟಿದ್ದೇವೆ.

ಈ ಪೊಟ್ಯಾಸಿಯಂ ಕಥೆಗೂ ಒಂದು ಸೋಲಿನ ಇತಿಹಾಸ ಇದೆ. 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಹೃದಯ ನಿಲ್ಲಿಸುವ ದಾರಿ ತೋರಿಸಿದರು. ಆದರೆ ಅದರ ಪ್ರಮಾಣ ಜಾಸ್ತಿಯಾಗಿ ಸ್ನಾಯುವೇ ಸುಟ್ಟ ಹಾಗೆ ಹಾಳಾಗುತ್ತಿತ್ತು. ಜನ ಅದನ್ನು ಕೈಬಿಟ್ಟರು. ಮುಂದೆ ಎಷ್ಟೋ ವರ್ಷ ಬರೀ ತಂಪು, ಬರೀ ವೇಗ ನಂಬಿಕೊಂಡು ಆಪರೇಷನ್ ನಡೆಯಿತು. 1972ರಲ್ಲಿ ಹ್ಯೂಸ್ಟನ್ನಿನ ಡೆಂಟನ್ ಕೂಲಿ ಮತ್ತು ಸಂಗಡಿಗರು "ಕಲ್ಲು ಹೃದಯ" ಅಂತ ಒಂದು ಸ್ಥಿತಿಯನ್ನು ವರ್ಣಿಸಿದರು. ಆಪರೇಷನ್ ಚೆನ್ನಾಗಿ ಆಗಿರುತ್ತದೆ, ಕವಾಟ ಚೆನ್ನಾಗಿ ಕೂತಿರುತ್ತದೆ, ಹೃದಯ ಮಾತ್ರ ಮುಷ್ಟಿ ಬಿಗಿದ ಹಾಗೆ ಗಟ್ಟಿಯಾಗಿ, ಮತ್ತೆ ಬಿಡುವುದೇ ಇಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಪರ್ಫ್ಯೂಷನಿಸ್ಟ್ ಅಂಥದ್ದನ್ನು ಒಂದೇ ಒಂದು ಸಲ ನೋಡಿದ್ದರಂತೆ. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತಿದ್ದೆವು. ಬೇರೆಲ್ಲ ಕೇಸುಗಳ ಕಥೆ ಟೀ ಹೊತ್ತಿನಲ್ಲಿ ನಗುತ್ತಾ ಹೇಳುವ ಅಣ್ಣ, ಅದನ್ನು ಹೇಳುವಾಗ ಲೋಟ ಕೆಳಗಿಟ್ಟಿದ್ದರು.

ಆಮೇಲೆ 1970ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಹರ್ಸ್ ಮತ್ತು ಮಾರ್ಕ್ ಬ್ರೇಂಬ್ರಿಜ್ ಪೊಟ್ಯಾಸಿಯಂ ಕಡಿಮೆ ಮಾಡಿ, ಜೊತೆಗೆ ಮೆಗ್ನೀಸಿಯಂ ಸೇರಿಸಿ ಒಂದು ಹದ ಕಂಡುಹಿಡಿದರು. ಲೀಟರಿಗೆ 16 ಮಿಲಿಮೋಲ್ ಪೊಟ್ಯಾಸಿಯಂ, 16 ಮಿಲಿಮೋಲ್ ಮೆಗ್ನೀಸಿಯಂ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮಲ್ಲಿ ಇದೇ ನಡೆಯುತ್ತಿತ್ತು. 20 ಮಿಲಿ ಆಂಪೂಲ್ ಒಡೆದು ಒಂದು ಲೀಟರ್ ರಿಂಗರ್ ಬಾಟಲಿಗೆ ಸೇರಿಸಿ, ಅದಕ್ಕೆ ರಕ್ತ ಬೆರೆಸಿ, 15-20 ನಿಮಿಷಕ್ಕೊಮ್ಮೆ ಕೊಡುವುದು. ಪ್ರತಿ ಸಲ "ಸರ್, ಇಪ್ಪತ್ತು ನಿಮಿಷ ಆಯ್ತು" ಅಂತ ನಾನು ಕೂಗಬೇಕು. ಸರ್ಜನ್ ಹೊಲಿಗೆ ನಿಲ್ಲಿಸಬೇಕು. ಅವರಿಗೆ ಕೋಪ, ನನಗೆ ಸಂಕೋಚ.

ಇನ್ನು ನನ್ನ ಎಡವಟ್ಟಿನ ದಿನ.

ರೋಗಿಗೆ ಐವತ್ತರ ಆಸುಪಾಸು. ಅಯೋರ್ಟಿಕ್ ಕವಾಟ ಸುಣ್ಣಗಟ್ಟಿ ಕಿರಿದಾಗಿತ್ತು. ಆ ಸಣ್ಣ ಸಂದಿಯಲ್ಲಿ ವರ್ಷಗಟ್ಟಲೆ ರಕ್ತ ತಳ್ಳಿ ತಳ್ಳಿ ಹೃದಯದ ಎಡಗೋಣೆ ದಪ್ಪಗಾಗಿತ್ತು. ದಪ್ಪ ಸ್ನಾಯು ನೋಡಲು ಪೈಲ್ವಾನನ ಹಾಗೆ. ಆದರೆ ಉಪವಾಸ ತಡೆಯುವುದರಲ್ಲಿ ಎಲ್ಲರಿಗಿಂತ ಹಿಂದೆ. ದ್ರಾವಣ ಒಳಪದರದವರೆಗೆ ಇಳಿಯುವುದೇ ಕಷ್ಟ. ಅವತ್ತು ಕವಾಟದ ಸುಣ್ಣ ಕೆರೆಯಲು ಹೊತ್ತು ಹಿಡಿಯಿತು. ಒಂದು ಡೋಸ್ ಹೊತ್ತಿಗೆ "ಸರ್, ಟೈಮ್ ಆಯ್ತು" ಅಂದೆ. "ಎರಡು ಹೊಲಿಗೆ, ಇರಮ್ಮ" ಅಂದರು. ಸುಮ್ಮನಾದೆ. ಎರಡು ಹೊಲಿಗೆ ಹದಿನೈದು ನಿಮಿಷ ಆಯಿತು. ಎರಡನೇ ಸಲ ಕೂಗಲು ನನಗೆ ಧೈರ್ಯ ಬರಲಿಲ್ಲ. ಇದು ಮೊದಲನೇ ತಪ್ಪು, ಮತ್ತು ಇದು ನನ್ನದೇ.

ಕ್ಲ್ಯಾಂಪ್ ತೆಗೆದಾಗ ಒಟ್ಟು ಸಮಯ 104 ನಿಮಿಷ. ತೆಗೆದ ಕೂಡಲೇ ಪ್ರೆಷರ್ ಬಿತ್ತು, ಸರಾಸರಿ 38. ಇದು ಮಾಮೂಲು. ಹಸಿದ ಹೃದಯದ ನಾಳಗಳು ಬಾಯಿ ತೆರೆದು ಕೂತಿರುತ್ತವೆ, ಜೊತೆಗೆ ಅಲ್ಲಿಂದ ತೊಳೆದು ಬಂದ ದ್ರಾವಣ, ಆಸಿಡ್ ಎಲ್ಲ ದೇಹಕ್ಕೆ ಸೇರುತ್ತದೆ. ಆದರೆ ನಾನು ಗಾಬರಿಯಾದೆ. ಪಂಪಿನ ಗುಂಡಿಯನ್ನು ಒಂದೇ ಸಲ ಫುಲ್ ಫ್ಲೋಗೆ ತಿರುಗಿಸಿದೆ. ಅತ್ತ ಅನಸ್ತೇಷಿಯಾದವರು ಪ್ರೆಷರ್ ಏರಿಸುವ ಇಂಜೆಕ್ಷನ್ ಕೊಟ್ಟರು. ಅರ್ಧ ನಿಮಿಷದಲ್ಲಿ ಸರಾಸರಿ 95. ಹೃದಯ ನಡುಗಲು ಶುರುವಾಯಿತು. ವಿಎಫ್, ಅಂದರೆ ವೆಂಟ್ರಿಕ್ಯುಲರ್ ಫಿಬ್ರಿಲೇಷನ್. ಬಡಿತ ಅಲ್ಲ, ಚೀಲದೊಳಗೆ ಹುಳುಗಳು ಹರಿದಾಡಿದ ಹಾಗೆ ಒಂದು ಕಂಪನ. ಅದೇ ಹೊತ್ತಿಗೆ ಎಡಗೋಣೆ ಖಾಲಿ ಮಾಡುವ ವೆಂಟ್ ಪಂಪನ್ನು ನಾನು ಆಗಲೇ ನಿಲ್ಲಿಸಿಬಿಟ್ಟಿದ್ದೆ, ಕೆಲಸ ಮುಗಿಯಿತು ಅಂತ. ನಡುಗುವ ಹೃದಯ ರಕ್ತ ಹೊರಗೆ ತಳ್ಳಲಾರದು. ಒಳಗೆ ರಕ್ತ ತುಂಬುತ್ತಾ ಹೋಗಿ ಬಲೂನಿನ ಹಾಗೆ ಉಬ್ಬಿತು. ಉಬ್ಬಿದ ಗೋಡೆಯ ಒಳಪದರಕ್ಕೆ ರಕ್ತವೇ ಹೋಗುವುದಿಲ್ಲ. ರಕ್ತ ವಾಪಸ್ ಬಂದಿದೆ, ಆದರೂ ಒಳಪದರ ಉಪವಾಸ.

"ವೆಂಟ್ ಯಾಕೆ ನಿಲ್ಲಿಸಿದ್ರಿ?" ಅಂತ ಸರ್ಜನ್ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಒಳಗಿನ ಪ್ಯಾಡಲ್ ಇಟ್ಟು 10 ಜೂಲ್ ಶಾಕ್. ಇಲ್ಲ. 20. ಇಲ್ಲ. ವೆಂಟ್ ಹಾಕಿ, ಲಿಗ್ನೊಕೇನ್ ಮತ್ತು ಮೆಗ್ನೀಸಿಯಂ ಕೊಟ್ಟು, ಪ್ರೆಷರ್ ಇಳಿಸಿ ಮೂರನೇ ಶಾಕ್. ಬಡಿಯಿತು. ಆದರೆ ಸೋಮಾರಿಯ ಹಾಗೆ. ಯಾರೋ "ಕ್ಯಾಲ್ಸಿಯಂ ಕೊಡಿ" ಅಂದರು. ಕೊಟ್ಟರು. ಒಂದು ಗಳಿಗೆ ಗಟ್ಟಿಯಾಗಿ ಬಡಿದು ಮತ್ತೆ ಬಿಗಿಯಿತು. ಕೊನೆಗೆ ತೊಡೆಯ ನಾಳದಿಂದ ಬಲೂನ್ ಪಂಪ್ ಹಾಕಿ ಐಸಿಯುಗೆ ಕಳಿಸಿದೆವು. ಎರಡು ದಿನ ಅದರ ಆಸರೆ ಬೇಕಾಯಿತು. ಆತ ಹನ್ನೆರಡನೇ ದಿನ ನಡೆದುಕೊಂಡು ಮನೆಗೆ ಹೋದರು. ಅವರ ಹೆಂಡತಿ ವಾರ್ಡಿನಲ್ಲಿ ಎಲ್ಲರಿಗೂ ಹಣ್ಣು ಹಂಚಿದರು. ನನಗೂ ಒಂದು ಸೇಬು ಬಂತು. ತಿನ್ನಲು ಆಗಲಿಲ್ಲ.

ಸಂಜೆ ಅಣ್ಣ ನನ್ನ ಪರ್ಫ್ಯೂಷನ್ ಚಾರ್ಟ್ ಮುಂದೆ ಇಟ್ಟುಕೊಂಡು ಕೂತರು.

"ಫುಲ್ ಫ್ಲೋ ಎಷ್ಟು ಹೊತ್ತಿನಲ್ಲಿ ಮಾಡಿದೆ?"

"ತಕ್ಷಣ ಅಣ್ಣ. ಪ್ರೆಷರ್ ಇರಲಿಲ್ಲ."

"ನಿಂದು ಯಾವೂರು?"

"ಕೋಲಾರದ ಕಡೆ."

"ಮೂರು ದಿನ ಹಸಿದು ಬಿದ್ದವನ ಬಾಯಿಗೆ ನಿಮ್ಮ ಕಡೆ ಒಂದೇ ಸಲ ಮುದ್ದೆ ತುರುಕ್ತಾರೇನಮ್ಮ?"

ಅಷ್ಟೇ ಬೈಗುಳ. ಆಮೇಲೆ ಅವರು ಒಂದು ಹಾಳೆಯ ಮೇಲೆ ಒಂದು ಜೀವಕೋಶ ಬರೆದು ತೋರಿಸಿದ್ದು ನನ್ನ ಐದು ಮಾರ್ಕಿನ ಉತ್ತರದಲ್ಲಿ ಇರಲಿಲ್ಲ. ಅವರು ಹೇಳಿದ್ದು ಹೆಚ್ಚುಕಡಿಮೆ ಹೀಗೆ.

ರಕ್ತ ನಿಂತಾಗ ಜೀವಕೋಶದೊಳಗೆ ಆಕ್ಸಿಜನ್ ಇಲ್ಲದೆ ಸಕ್ಕರೆ ಅರೆಬರೆ ಉರಿದು ಆಸಿಡ್ ಸೇರುತ್ತದೆ. ಆಸಿಡ್ಡನ್ನು ಹೊರಗೆ ಹಾಕಲು ಕೋಶದ ಗೋಡೆಯಲ್ಲಿ ಒಂದು ಬಾಗಿಲಿದೆ. ಅದು ಕೊಡು-ಕೊಳ್ಳು ಬಾಗಿಲು: ಒಂದು ಆಸಿಡ್ ಕಣ ಹೊರಗೆ, ಬದಲಿಗೆ ಒಂದು ಸೋಡಿಯಂ ಒಳಗೆ. ಸೋಡಿಯಂ ಹೊರಗೆ ಎತ್ತಿಹಾಕುವ ಪಂಪಿಗೆ ಶಕ್ತಿ ಬೇಕು, ಆ ಶಕ್ತಿಯೇ ಖಾಲಿ. ಆಗ ಇನ್ನೊಂದು ಬಾಗಿಲು ಉಲ್ಟಾ ತಿರುಗಿ ಸೋಡಿಯಂ ಹೊರಗೆ ಕಳಿಸಿ ಕ್ಯಾಲ್ಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿಯವರೆಗೆ ಎಲ್ಲ ನಿಧಾನ. ಯಾಕೆಂದರೆ ಹೊರಗೆ ನಿಂತ ನೀರಿನಲ್ಲೂ ಆಸಿಡ್ ತುಂಬಿರುತ್ತದೆ, ಬಾಗಿಲು ಅಷ್ಟಾಗಿ ತಿರುಗುವುದಿಲ್ಲ. ಈಗ ರಭಸದಿಂದ ಹೊಸ ರಕ್ತ ಬಿಡಿ. ಹೊರಗಿನ ಆಸಿಡ್ ಒಂದೇ ಸಲ ತೊಳೆದುಹೋಗುತ್ತದೆ. ಒಳಗಿನ ಆಸಿಡ್ಡೆಲ್ಲ ನುಗ್ಗಿ ಹೊರಡುತ್ತದೆ, ಬದಲಿಗೆ ಸೋಡಿಯಂ ನುಗ್ಗುತ್ತದೆ, ಅದರ ಹಿಂದೆಯೇ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಅಂದರೆ ಸ್ನಾಯುವಿಗೆ "ಮುದುಡು" ಅನ್ನುವ ಆಜ್ಞೆ. ಆಕ್ಸಿಜನ್ ಈಗಷ್ಟೇ ಬಂದಿದೆ, ಶಕ್ತಿ ಹುಟ್ಟುತ್ತಿದೆ, ಆಜ್ಞೆ ಮಿತಿಮೀರಿ ಬರುತ್ತಿದೆ. ಸ್ನಾಯು ಮುದುಡಿ ಮುದುಡಿ ತನ್ನನ್ನೇ ಹರಿದುಕೊಳ್ಳುತ್ತದೆ. ಜೊತೆಗೆ ಇಷ್ಟು ಹೊತ್ತು ಸುಮ್ಮನಿದ್ದ ಮೈಟೋಕಾಂಡ್ರಿಯಾಗಳಿಗೆ, ಅಂದರೆ ಕೋಶದೊಳಗೆ ಶಕ್ತಿ ಹುಟ್ಟಿಸುವ ಒಲೆಗಳಿಗೆ, ಒಮ್ಮೆಗೇ ಆಕ್ಸಿಜನ್ ಸಿಕ್ಕಿ ಕಿಡಿಗಳು ಹಾರುತ್ತವೆ, ಅವನ್ನೇ ಫ್ರೀ ರ‍್ಯಾಡಿಕಲ್ ಅನ್ನುವುದು. ಆ ಕಿಡಿ, ಈ ಕ್ಯಾಲ್ಸಿಯಂ ಎರಡೂ ಸೇರಿ ಮೈಟೋಕಾಂಡ್ರಿಯಾದ ಗೋಡೆಯಲ್ಲಿ ಒಂದು ರಂಧ್ರ ತೆರೆಯುತ್ತವೆ. ಅದು ತೆರೆದುಕೊಂಡೇ ಉಳಿದರೆ ಆ ಕೋಶ ಮುಗಿಯಿತು.

ನನಗೆ ಹೊಳೆಯದೆ ಇದ್ದ ವಿಷಯ ಮುಂದಿನದು. ಆ ರಂಧ್ರವನ್ನು ಅಲ್ಲಿಯವರೆಗೆ ಮುಚ್ಚಿಟ್ಟದ್ದು ಯಾರು? ಅದೇ ಆಸಿಡ್! ನಾವು ವೈರಿ ಅಂದುಕೊಂಡದ್ದು ಕಾವಲು ಕಾಯುತ್ತಿತ್ತು. ರಭಸದ ರಕ್ತ ಕಾವಲುಗಾರನನ್ನೇ ಮೊದಲು ಹೊರಗೆ ದೂಡುತ್ತದೆ. ಆಸಿಡ್ ನಿಧಾನವಾಗಿ ಹೋದರೆ, ಅಷ್ಟು ಹೊತ್ತಿನಲ್ಲಿ ಕೋಶ ಶಕ್ತಿ ಹುಟ್ಟಿಸಿಕೊಂಡು, ಸೋಡಿಯಂ ಎತ್ತಿಹಾಕಿ, ಕ್ಯಾಲ್ಸಿಯಂ ಕಟ್ಟಿಟ್ಟು ಮನೆ ಓರಣ ಮಾಡಿಕೊಳ್ಳುತ್ತದೆ.

1960ರಲ್ಲೇ ಅಮೆರಿಕದ ರಾಬರ್ಟ್ ಜೆನ್ನಿಂಗ್ಸ್ ನಾಯಿಗಳ ಹೃದಯದಲ್ಲಿ ಇದನ್ನು ಗಮನಿಸಿದ್ದರು. ನಾಳ ಕಟ್ಟಿ ಬಿಚ್ಚಿದರೆ, ಹಾನಿಯ ಗುರುತುಗಳು ಬರೀ ಕಟ್ಟಿಟ್ಟದ್ದಕ್ಕಿಂತ ಬಹಳ ಬೇಗ ಕಾಣಿಸಿಕೊಳ್ಳುತ್ತವೆ. ಅಂದಿನಿಂದ ಇಂದಿನವರೆಗೆ ನಡೆದಿರುವ ವಾದ, ಇದರಲ್ಲಿ ಎಷ್ಟು ಪಾಲು ಉಪವಾಸದ್ದು, ಎಷ್ಟು ಪಾಲು ಊಟದ್ದು ಅಂತ. ಪಂಪಿನ ಮುಂದೆ ಕೂರುವವಳಿಗೆ ಆ ಪಾಲುಪಟ್ಟಿ ಬೇಡ. ಉಪವಾಸ ಎಷ್ಟು ಹೊತ್ತು ಅನ್ನುವುದು ಸರ್ಜನ್ ಕೈಯಲ್ಲಿದೆ. ಊಟ ಬಡಿಸುವ ಸೌಟು ನನ್ನ ಕೈಯಲ್ಲಿದೆ.

ನಮ್ಮ ತಾತ ಊರಿನ ನೀರುಗಂಟಿ. ಕೆರೆಯ ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಬಿರುಕು ಬಿಟ್ಟ ಗದ್ದೆಗೆ ಮೊದಲು ಕಾಲುವೆಯಲ್ಲಿ ಬೆರಳುದ್ದ ನೀರು. ನೆಲ ಮೆತ್ತಗಾದ ಮೇಲೆ ಉಳಿದದ್ದು. ಇಲ್ಲದಿದ್ದರೆ ಬದು ಒಡೆದು ಮಣ್ಣೆಲ್ಲ ಕೆಳಗಿನ ಗದ್ದೆಗೆ. ಚಿಕ್ಕವಳಿದ್ದಾಗ ಪೂರ್ತಿ ಎತ್ತು ತಾತಾ ಅಂತ ಹಟ ಮಾಡುತ್ತಿದ್ದೆ, ನೀರು ಧುಮುಕುವುದು ನೋಡಲು ಚೆಂದ ಅಂತ. ಪಂಪಿನ ಗುಂಡಿ ತಿರುಗಿಸುವಾಗ ಈಗ ಆ ಕೈ ನೆನಪಾಗುತ್ತದೆ.

ಆ ಕೇಸಿನ ನಂತರ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು. ಈಗ ಹೇಗೆ ಮಾಡುತ್ತೇನೆ ಅಂತ ಬಿಡಿಸಿ ಹೇಳುತ್ತೇನೆ. ಇದು ನಮ್ಮ ಯೂನಿಟ್ಟಿನ ಪದ್ಧತಿ. ಬೇರೆಡೆ ಬೇರೆ ಇರುತ್ತದೆ. ಓದಿ ಹಾಗೇ ಮಾಡಲು ಹೋಗಬೇಡಿ, ನಿಮ್ಮ ಹಿರಿಯರನ್ನು ಕೇಳಿ.

ಮೊದಲು ದ್ರಾವಣ. ಸೇಂಟ್ ಥಾಮಸ್ ಹೋಗಿ ಈಗ ನಮ್ಮಲ್ಲಿ ಬಹುತೇಕ ಕೇಸುಗಳಿಗೆ ಡೆಲ್ ನೀಡೊ. ಪೆಡ್ರೊ ಡೆಲ್ ನೀಡೊ ಮತ್ತು ಜೊತೆಗಾರರು 1990ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಕ್ಕಳ ಹೃದಯಕ್ಕೆಂದು ರೂಪಿಸಿದ್ದು, ಆಮೇಲೆ ದೊಡ್ಡವರಿಗೂ ಬಂತು. ಪ್ಲಾಸ್ಮಾಲೈಟ್ ಅನ್ನುವ ಲವಣದ ದ್ರಾವಣ ಒಂದು ಲೀಟರಿಗೆ 26 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ ಕ್ಲೋರೈಡ್, 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 8.4 ಪರ್ಸೆಂಟ್ ಸೋಡಿಯಂ ಬೈಕಾರ್ಬೊನೇಟ್ 13 ಮಿಲಿ, 20 ಪರ್ಸೆಂಟ್ ಮ್ಯಾನಿಟಾಲ್ 16.3 ಮಿಲಿ, 1 ಪರ್ಸೆಂಟ್ ಲಿಗ್ನೊಕೇನ್ 13 ಮಿಲಿ. ಇದರ ನಾಲ್ಕು ಭಾಗಕ್ಕೆ ರೋಗಿಯದೇ ರಕ್ತ ಒಂದು ಭಾಗ. ಕಿಲೋಗೆ 20 ಮಿಲಿ, ಹೆಚ್ಚೆಂದರೆ ಒಂದು ಲೀಟರ್. ಹನ್ನೆರಡು ಕಿಲೋ ಮಗುವಿಗೆ 240 ಮಿಲಿ, ಅದರಲ್ಲಿ ರಕ್ತ 48. ಒಂದು ಡೋಸಿಗೆ ಒಂದರಿಂದ ಒಂದೂವರೆ ಗಂಟೆ ಸಿಗುತ್ತದೆ.

ಹೃದಯ ನಿಲ್ಲಿಸಲು ಇದರಲ್ಲಿ ಮುಖ್ಯವಾಗಿ ಬೇಕಿರುವುದು ಪೊಟ್ಯಾಸಿಯಂ ಒಂದೇ. ಉಳಿದದ್ದರಲ್ಲಿ ಬಹುಪಾಲು ಮುಂದೆ ರಕ್ತ ವಾಪಸ್ ಬರುವ ಹೊತ್ತಿಗೆ ಕಟ್ಟಿಟ್ಟ ಬುತ್ತಿ. ಲಿಗ್ನೊಕೇನ್ ಸೋಡಿಯಂ ಬಾಗಿಲಿಗೆ ಅಗುಳಿ. ಮೆಗ್ನೀಸಿಯಂ ಕ್ಯಾಲ್ಸಿಯಂ ಬರುವ ದಾರಿಗೆ ಅಡ್ಡ. ಮ್ಯಾನಿಟಾಲ್ ಕಿಡಿ ನುಂಗುತ್ತದೆ, ಊತ ಇಳಿಸುತ್ತದೆ. ಬೈಕಾರ್ಬೊನೇಟ್ ಆಸಿಡ್ ವಿಪರೀತ ಏರದಂತೆ ನೋಡಿಕೊಳ್ಳುತ್ತದೆ. ಪ್ಲಾಸ್ಮಾಲೈಟ್‌ನಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಹಾಗಾದರೆ ರಕ್ತ ಬೆರೆಸದೆ ಕ್ಯಾಲ್ಸಿಯಂ ಸೊನ್ನೆ ಮಾಡಿದರೆ ಇನ್ನೂ ಒಳ್ಳೆಯದಲ್ವಾ ಅಂತ ಒಬ್ಬ ಹುಡುಗ ಕೇಳಿದ್ದ. ಜಾಣ ಪ್ರಶ್ನೆ. ಆದರೆ 1966ರಲ್ಲೇ ಡಚ್ ವಿಜ್ಞಾನಿಗಳು ತೋರಿಸಿದ್ದಾರೆ: ಕ್ಯಾಲ್ಸಿಯಂ ಪೂರ್ತಿ ಇಲ್ಲದ ದ್ರಾವಣ ಹರಿಸಿ ಆಮೇಲೆ ಕ್ಯಾಲ್ಸಿಯಂ ಬಿಟ್ಟರೆ ಹೃದಯ ನೋಡನೋಡುತ್ತಲೇ ಹಾಳಾಗುತ್ತದೆ. ಬೆರೆಸಿದ ಆ ಸ್ವಲ್ಪ ರಕ್ತದಲ್ಲಿ ಬರುವ ಚೂರು ಕ್ಯಾಲ್ಸಿಯಂ ಬೇಕು. ಊಟಕ್ಕೆ ಉಪ್ಪು ಇದ್ದ ಹಾಗೆ.

ದ್ರಾವಣ ಹೋಗುವಾಗ ಅಯೋರ್ಟಾದ ಬುಡದ ಪ್ರೆಷರ್ ನೋಡುತ್ತೇನೆ. ಕವಾಟ ಸೋರುತ್ತಿದ್ದರೆ ದ್ರಾವಣ ಕೊರೋನರಿಗೆ ಹೋಗದೆ ಎಡಗೋಣೆಗೆ ಸುರಿಯುತ್ತದೆ. ಆಗ ಸರ್ಜನ್ ಅಯೋರ್ಟಾ ತೆರೆದು ಕೊರೋನರಿ ಬಾಯಿಗಳಿಗೇ ನೇರ ಕೊಡುತ್ತಾರೆ, ಅಥವಾ ಹಿಂದಿನಿಂದ, ಕೊರೋನರಿ ಸೈನಸ್ ಅನ್ನುವ ಸಿರೆಯ ಮೂಲಕ. ಹಿಂದಿನಿಂದ ಕೊಡುವಾಗ 40ಕ್ಕಿಂತ ಮೇಲೆ ಪ್ರೆಷರ್ ಏರಬಾರದು, ಸಿರೆ ಹರಿದೀತು. ರುಮಾಟಿಕ್ ಜ್ವರದಿಂದ ಎರಡು ಕವಾಟ ಹಾಳಾದ ಚಿಕ್ಕ ವಯಸ್ಸಿನ ಹೆಂಗಸರು ನಮ್ಮಲ್ಲಿ ಇನ್ನೂ ಬರುತ್ತಾರೆ. ಅವರ ಕೇಸುಗಳಲ್ಲಿ ಈ ಸರ್ಕಸ್ ದಿನನಿತ್ಯ. ಬೈಪಾಸ್ ಆಪರೇಷನ್ನುಗಳನ್ನು ನಮ್ಮ ದೇಶದಲ್ಲಿ ಬಹಳ ಕಡೆ ಹೃದಯ ಬಡಿಯುತ್ತಿರುವಾಗಲೇ ಮಾಡಿಬಿಡುತ್ತಾರೆ. ಆಗ ನಾನು ಪಂಪು ಸಿದ್ಧ ಮಾಡಿಕೊಂಡು ಸುಮ್ನೆ ಕೂರುವವಳು.

ಈಗ ಕ್ಲ್ಯಾಂಪ್ ತೆಗೆಯುವ ಹೊತ್ತು. ಅದಕ್ಕೆ ಹತ್ತು ನಿಮಿಷ ಮೊದಲೇ ನನ್ನ ತಯಾರಿ ಶುರು. ರಕ್ತ ಬೆಚ್ಚಗೆ ಮಾಡುತ್ತೇನೆ. ಒಂದು ಸ್ಯಾಂಪಲ್ ತೆಗೆದು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಆಸಿಡ್, ಆಕ್ಸಿಜನ್ ನೋಡುತ್ತೇನೆ. ಆಕ್ಸಿಜನ್ ಬಗ್ಗೆ ಹಿಂದೆ ನಮಗೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮೂಢನಂಬಿಕೆ ಇತ್ತು. ರಕ್ತದಲ್ಲಿ ಆಕ್ಸಿಜನ್ ಒತ್ತಡವನ್ನು ಪಾದರಸದ ಲೆಕ್ಕದಲ್ಲಿ 400 ಮಿಮೀ ಮೇಲೆ ಇಟ್ಟು ಖುಷಿಪಡುತ್ತಿದ್ದೆವು. ಈಗ ಗಾಳಿ-ಆಕ್ಸಿಜನ್ ಬೆರೆಸುವ ಬ್ಲೆಂಡರ್ ಇಳಿಸಿ 150ರ ಆಸುಪಾಸಿಗೆ ತರುತ್ತೇನೆ. ಕಿಡಿಗೆ ಸೌದೆ ಯಾಕೆ ಒಟ್ಟಬೇಕು?

ಕಷ್ಟದ ಕೇಸುಗಳಲ್ಲಿ, ಅಂದರೆ ದಪ್ಪ ಹೃದಯ, ದೀರ್ಘ ಕ್ಲ್ಯಾಂಪ್, ಮೊದಲೇ ದುರ್ಬಲ ಸ್ನಾಯು ಇದ್ದಾಗ, ಕ್ಲ್ಯಾಂಪ್ ತೆಗೆಯುವ ಮೊದಲು ಒಂದು ಹಾಟ್ ಶಾಟ್ ಕೊಡುತ್ತೇವೆ. ಹೆಸರು ಕೇಳಿ ಗಾಬರಿಯಾಗಬೇಡಿ. 37 ಡಿಗ್ರಿಯ ಬೆಚ್ಚಗಿನ ರಕ್ತ, ಸ್ವಲ್ಪವೇ ಪೊಟ್ಯಾಸಿಯಂ, ಮೂರು-ನಾಲ್ಕು ನಿಮಿಷ, ಕಡಿಮೆ ಪ್ರೆಷರಿನಲ್ಲಿ. ಲಾಸ್ ಏಂಜಲೀಸಿನ ಜೆರಾಲ್ಡ್ ಬಕ್‌ಬರ್ಗ್ ಬಳಗ ರಕ್ತ ಬೆರೆಸಿದ ಕಾರ್ಡಿಯೋಪ್ಲೀಜಿಯಾ, ಅಂದರೆ ಹೃದಯ ನಿಲ್ಲಿಸುವ ದ್ರಾವಣದ ಬಗ್ಗೆ ನಡೆಸಿದ ಕೆಲಸದ ಮುಂದುವರಿಕೆ ಇದು. ಇದರ ಚೆಂದ ಏನೆಂದರೆ ಹೃದಯ ಇನ್ನೂ ನಿಂತೇ ಇರುತ್ತದೆ, ಆದರೆ ಆಕ್ಸಿಜನ್ ಬರುತ್ತಿರುತ್ತದೆ. ಬಂದ ಆದಾಯವನ್ನು ಬಡಿತಕ್ಕೆ ಖರ್ಚು ಮಾಡದೆ ಪೂರ್ತಿ ಹಳೆ ಸಾಲ ತೀರಿಸಲು ಬಳಸುತ್ತದೆ. ಎಷ್ಟೋ ಸಲ ಹಾಟ್ ಶಾಟ್ ಕೊಟ್ಟ ಹೃದಯ ಶಾಕ್ ಕೇಳದೆ ತಾನಾಗಿಯೇ ಬಡಿತಕ್ಕೆ ಬರುವುದನ್ನು ನೋಡಿದ್ದೇನೆ.

ಒಳಗಿನ ಗಾಳಿ ತೆಗೆಯುತ್ತಾರೆ. ರೋಗಿಯ ತಲೆ ಕಡೆ ಟೇಬಲ್ ತಗ್ಗಿಸುತ್ತಾರೆ. ಅನಸ್ತೇಷಿಯಾ ಮೇಡಂ ಲಿಗ್ನೊಕೇನ್, ಮೆಗ್ನೀಸಿಯಂ ಕೊಡುತ್ತಾರೆ. "ಫ್ಲೋ ಇಳಿಸಮ್ಮ." ಪಂಪನ್ನು ಮೂರನೇ ಒಂದಕ್ಕೆ ಇಳಿಸುತ್ತೇನೆ. ಕ್ಲ್ಯಾಂಪ್ ಆಫ್. ಈಗ ಗುಂಡಿಯ ಮೇಲೆ ಕೈ. ಒಂದು, ಒಂದೂವರೆ ನಿಮಿಷದಲ್ಲಿ ಮೆಲ್ಲಗೆ ಫ್ಲೋ ಏರಿಸುತ್ತೇನೆ. ಮೊದಲ ಮೂರು-ನಾಲ್ಕು ನಿಮಿಷ ಸರಾಸರಿ ಪ್ರೆಷರ್ 50-60 ದಾಟದಂತೆ ನೋಡಿಕೊಳ್ಳುತ್ತೇನೆ. ಇನ್ನೂ ಇಳಿಸಿ ಬಹಳ ಹೊತ್ತು ಇಡುವ ಹಾಗಿಲ್ಲ, ಮಿದುಳು ಮತ್ತು ಕಿಡ್ನಿಗೂ ನಾನೇ ಜವಾಬ್ದಾರಿ. ವಯಸ್ಸಾದವರು, ಕತ್ತಿನ ನಾಳದಲ್ಲಿ ಅಡ್ಡಿ ಇರುವವರು ಆದರೆ ಬೇಗ ಏರಿಸುತ್ತೇನೆ. ವೆಂಟ್ ಓಡುತ್ತಲೇ ಇರುತ್ತದೆ. ಅದನ್ನು ಸರ್ಜನ್ ಬಾಯಿಬಿಟ್ಟು ಹೇಳುವವರೆಗೆ ನಿಲ್ಲಿಸುವುದಿಲ್ಲ, ದೇವರಾಣೆ.

ಆಮೇಲೆ ಕಾಯುವುದು. ಖಾಲಿ ಹೃದಯ, ಹೊರೆ ಇಲ್ಲದೆ, ನನ್ನ ಪಂಪಿನ ನೆರಳಲ್ಲಿ ಸುಮ್ನೆ ಬಡಿಯುತ್ತಿರಬೇಕು. ಒಂದು ಗಂಟೆ ಕ್ಲ್ಯಾಂಪಿಗೆ ಕನಿಷ್ಠ ಹತ್ತು ನಿಮಿಷ ವಿಶ್ರಾಂತಿ ಅನ್ನುವುದು ನಮ್ಮ ಲೆಕ್ಕ. ಈ ಹತ್ತು ನಿಮಿಷದೊಳಗೆ ಕ್ಯಾಲ್ಸಿಯಂ ಕೊಡುವ ಹಾಗಿಲ್ಲ. ಒಳಗೆ ಆಗಲೇ ಕ್ಯಾಲ್ಸಿಯಂ ನುಗ್ಗಾಟ ನಡೆದಿರುವಾಗ ಹೊರಗಿನಿಂದ ಇನ್ನಷ್ಟು ಸುರಿದರೆ ಏನಾಗುತ್ತದೆ ಅನ್ನುವುದನ್ನು ಅವತ್ತು ನೋಡಿದ್ದೇನೆ. ಹೃದಯ ಸೋಮಾರಿಯಾಗಿ ಕಂಡರೂ ಸರಿ. ಅದು ಸತ್ತಿಲ್ಲ, ಮಂಕಾಗಿದೆ ಅಷ್ಟೇ. ಸ್ಟನ್ನಿಂಗ್ ಅನ್ನುತ್ತಾರೆ. ಹೊತ್ತು ಕೊಟ್ಟರೆ ಬರುತ್ತದೆ.

ಹೃದಯದ ದೋಷದಿಂದ ಮೈ ನೀಲಿಗಟ್ಟಿದ ಮಕ್ಕಳ ವಿಷಯ ಬೇರೆ. ಫ್ಯಾಲೋಟ್ ಕಾಯಿಲೆಯ ಮಗು ಹುಟ್ಟಿದಾಗಿನಿಂದ 70-75 ಪರ್ಸೆಂಟ್ ಆಕ್ಸಿಜನ್ನಿನಲ್ಲೇ ಬೆಳೆದಿರುತ್ತದೆ. ಅದರ ಹೃದಯಕ್ಕೆ ಅದೇ ಅಭ್ಯಾಸ. ಪಂಪು ಶುರುಮಾಡಿದ ಕೂಡಲೇ ನಾನು ಕೆಂಪು ಕೆಂಪು ರಕ್ತ ಬಿಟ್ಟರೆ, ಕ್ಲ್ಯಾಂಪ್ ಹಾಕುವ ಮೊದಲೇ ಪೆಟ್ಟು ಶುರು. ಆದ್ದರಿಂದ ಆ ಮಕ್ಕಳಿಗೆ ಬ್ಲೆಂಡರನ್ನು ಬರೀ ಗಾಳಿಯ ಹತ್ತಿರ ಇಟ್ಟು ಆರಂಭಿಸಿ, ನಿಮಿಷ ನಿಮಿಷಕ್ಕೆ ಸ್ವಲ್ಪ ಏರಿಸುತ್ತೇನೆ. ತುಟಿ ಕೆಂಪಾಗುವುದನ್ನು ನೋಡುವ ಆಸೆ ತಡೆದುಕೊಳ್ಳಬೇಕು.

ಔಷಧಿ ಇಲ್ಲವಾ, ಒಂದು ಇಂಜೆಕ್ಷನ್ ಕೊಟ್ಟು ಇದನ್ನೆಲ್ಲ ತಡೆಯಲು ಆಗಲ್ವಾ ಅಂತ ಕೇಳುತ್ತಾರೆ. ಹುಡುಕಿದ್ದಾರೆ, ಬಹಳ ಹುಡುಕಿದ್ದಾರೆ. 1986ರಲ್ಲಿ ಮರ್ರಿ, ಜೆನ್ನಿಂಗ್ಸ್, ರೀಮರ್ ಒಂದು ಸೋಜಿಗ ಕಂಡರು. ನಾಯಿಯ ಕೊರೋನರಿಯನ್ನು ಐದೈದು ನಿಮಿಷದಂತೆ ನಾಲ್ಕು ಸಲ ಕಟ್ಟಿ ಬಿಚ್ಚಿ, ಆಮೇಲೆ 40 ನಿಮಿಷ ಕಟ್ಟಿದರೆ, ಸತ್ತ ಸ್ನಾಯುವಿನ ಪ್ರಮಾಣ ಕಾಲು ಭಾಗಕ್ಕೆ ಇಳಿಯಿತು. ಸಣ್ಣ ಸಣ್ಣ ಉಪವಾಸ ದೊಡ್ಡ ಉಪವಾಸಕ್ಕೆ ತಯಾರು ಮಾಡುತ್ತದೆ. ಆಮೇಲೆ ಹೃದಯದ ಬದಲು ತೋಳನ್ನು ಕಟ್ಟಿದರೂ ಫಲ ಬರುತ್ತದೆ ಅಂತ ಸುದ್ದಿ. ನಮ್ಮ ಯೂನಿಟ್ಟಿನಲ್ಲೂ ಹುಮ್ಮಸ್ಸಿನ ಡಾಕ್ಟರೊಬ್ಬರು ಕೆಲವು ತಿಂಗಳು ಪ್ರತಿ ರೋಗಿಗೂ ಬಿಪಿ ಪಟ್ಟಿ ಕಟ್ಟಿಸಿ 200ಕ್ಕೆ ಏರಿಸಿ ಐದು ನಿಮಿಷ, ಇಳಿಸಿ ಐದು ನಿಮಿಷ ಮಾಡಿಸಿದರು. ಗಾಳಿ ತುಂಬುವ ಕೆಲಸ ನನ್ನದು. ಖರ್ಚಿಲ್ಲ, ಸುಲಭ, ನನಗೂ ನಂಬಿಕೆ ಬಂದಿತ್ತು. 2015ರಲ್ಲಿ ಬ್ರಿಟನ್ ಮತ್ತು ಜರ್ಮನಿಯ ಎರಡು ದೊಡ್ಡ ಪರೀಕ್ಷೆಗಳು ಬಂದವು. ಹೃದಯದ ಆಪರೇಷನ್ ಆದವರಲ್ಲಿ ಲಾಭ ಕಾಣಲಿಲ್ಲ. ಅರಿವಳಿಕೆಗೆ ಕೊಡುವ ಪ್ರೊಪೊಫಾಲ್ ಆ ಫಲವನ್ನು ಮುಚ್ಚಿಹಾಕಿತೇನೋ ಅಂತ ಒಂದು ವಾದ. ಪಟ್ಟಿ ಕಪಾಟು ಸೇರಿತು. ಸೈಕ್ಲೋಸ್ಪೊರಿನ್ ಅನ್ನುವ ಔಷಧಿ ಆ ಮೈಟೋಕಾಂಡ್ರಿಯಾ ರಂಧ್ರವನ್ನೇ ಮುಚ್ಚುತ್ತದೆ ಅಂತ ಹಾರ್ಟ್ ಅಟ್ಯಾಕ್ ಆದವರಿಗೆ ಕೊಟ್ಟು ನೋಡಿದರು. ಅದೇ 2015ರ ದೊಡ್ಡ ಪರೀಕ್ಷೆಯಲ್ಲಿ ಅದೂ ಸೋತಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ರಕ್ತ ವಾಪಸ್ ಬರುವುದರಿಂದ ಪೆಟ್ಟು ಅಂತ ಓದಿ, ಎದೆನೋವು ಬಂದಾಗ ಆಸ್ಪತ್ರೆಗೆ ಹೋಗಲು ಯಾರೂ ಮೀನಮೇಷ ಎಣಿಸಬೇಡಿ. ಹಾರ್ಟ್ ಅಟ್ಯಾಕಿನಲ್ಲಿ ಮುಚ್ಚಿದ ನಾಳ ಎಷ್ಟು ಬೇಗ ತೆರೆದರೆ ಅಷ್ಟು ಸ್ನಾಯು ಉಳಿಯುತ್ತದೆ. ಊಟದಿಂದ ಹೊಟ್ಟೆನೋವು ಬಂದೀತು ಅಂತ ಹಸಿದವನನ್ನು ಸಾಯಲು ಬಿಡುತ್ತಾರಾ? ನಾನು ಹೇಳುತ್ತಿರುವುದು ಬಡಿಸುವ ರೀತಿ ಮಾತ್ರ. ಅದೂ ಪಂಪು ಕೈಯಲ್ಲಿರುವ ನಮ್ಮಂಥವರಿಗೆ ಸಿಗುವ ಸವಲತ್ತು. ಹಾರ್ಟ್ ಅಟ್ಯಾಕ್ ಆದವರ ನಾಳ ತೆರೆಯುವ ಕ್ಯಾಥ್ ಲ್ಯಾಬಿನಲ್ಲಿ ನಾಳ ತೆರೆದರೆ ತೆರೆಯಿತು.

ಈ ಪದ್ಧತಿಗೆ ಎಲ್ಲರನ್ನೂ ಒಪ್ಪಿಸುವುದು ದ್ರಾವಣ ಕಲಸುವುದಕ್ಕಿಂತ ಕಷ್ಟದ ಕೆಲಸ. ಸರ್ಜನ್‌ಗೆ ಮುಂದಿನ ಕೇಸ್ ಕಾಯುತ್ತಿರುತ್ತದೆ. ಪಂಪು ಜಾಸ್ತಿ ಹೊತ್ತು ಓಡಿದರೆ ರಕ್ತ ಹಾಳಾಗುತ್ತದೆ ಅನ್ನುವ ಅವರ ಮಾತೂ ಸುಳ್ಳಲ್ಲ. ನಾನು ಜಗಳ ಆಡಲಿಲ್ಲ. ಚಾರ್ಟಿನಲ್ಲಿ ಎರಡು ಹೊಸ ಗೆರೆ ಎಳೆದೆ. ಒಂದರಲ್ಲಿ ಕ್ಲ್ಯಾಂಪ್ ತೆಗೆದು ಎಷ್ಟನೇ ನಿಮಿಷಕ್ಕೆ ಮೊದಲ ಬಡಿತ. ಇನ್ನೊಂದರಲ್ಲಿ ಎಷ್ಟು ಶಾಕ್. ಪ್ರತಿ ಕೇಸಿಗೂ ಬರೆದೆ, ಯಾರೂ ಕೇಳದಿದ್ದರೂ. ಒಂದು ವರ್ಷ ಆದಮೇಲೆ ಒಂದು ದಿನ ಸರ್ಜನ್ ಕೈ ತೊಳೆಯುತ್ತಾ "ಆ ಶಾಕ್ ಲೆಕ್ಕ ತೋರಿಸಮ್ಮ" ಅಂದರು. ಒದ್ದೆ ಕೈಯಲ್ಲೇ ನಿಂತು ಓದಿದರು. ಏನೂ ಹೇಳಲಿಲ್ಲ.

ಕಳೆದ ವಾರ ಒಂದು ಡಬಲ್ ವಾಲ್ವ್. ಕ್ಲ್ಯಾಂಪ್ 96 ನಿಮಿಷ. ಹಾಟ್ ಶಾಟ್ ಹೋಯಿತು, ಕ್ಲ್ಯಾಂಪ್ ತೆಗೆದರು. ಎರಡನೇ ನಿಮಿಷಕ್ಕೆ ತಾನಾಗಿಯೇ ಒಂದು ಬಡಿತ, ತಡೆದು ಇನ್ನೊಂದು, ಆಮೇಲೆ ಸಾಲಾಗಿ. ಹೊಸದಾಗಿ ಸೇರಿದ ಅನಸ್ತೇಷಿಯಾ ಹುಡುಗ ಕ್ಯಾಲ್ಸಿಯಂ ಸಿರಿಂಜ್ ಕೈಗೆತ್ತಿಕೊಂಡ. ಸರ್ಜನ್ ತಲೆ ಎತ್ತದೆ, "ಅದನ್ನ ಕೆಳಗಿಡಪ್ಪ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೆಷ್ಟು ಹೊತ್ತಮ್ಮ?"

"ಹನ್ನೊಂದು ನಿಮಿಷ ಸರ್."

"ಸರಿ" ಅಂದು, ಪೇಸಿಂಗ್ ವೈರ್ ಹೊಲಿಯಲು ಸೂಜಿ ಕೇಳಿದರು.